ಬಚ್ಚಲಲ್ಲಿ ಅಂಗೈಯಷ್ಟು ದೊಡ್ಡ ಜೇಡ, ಮನೆಯಲ್ಲಿ ಎಂಟು ತಿಂಗಳ ಮಗು: ಎಂತ ಮಾಡುವುದು?

ಪರ್ಕಳದಮನೆ · ಜೂನ್ 19, ರಾತ್ರಿ 10.50

ಎಲ್ಲರಿಗೂ ನಮಸ್ಕಾರ. ಉಡುಪಿ ಕಡೆಯ ಪರ್ಕಳದ ಹತ್ತಿರ ಹೊಸ ಮನೆಗೆ ಬಂದು ಮೂರು ತಿಂಗಳಾಯಿತು. ಮಳೆ ಹಿಡಿದ ಮೇಲೆ ಮನೆಯೊಳಗೆ ಜೇಡ ಜಾಸ್ತಿಯಾಗಿದೆ. ಮೂಲೆಯಲ್ಲಿ ಬಲೆ ಕಟ್ಟುವ ಸಣ್ಣವು ಮೊದಲೂ ಇದ್ದವು, ಅವುಗಳ ಬಗ್ಗೆ ನನಗೆ ಭಯವಿಲ್ಲ. ಈಗ ಬರುತ್ತಿರುವುದು ಕಾಲು ಚಾಚಿದರೆ ನನ್ನ ಅಂಗೈಯಷ್ಟಾಗುತ್ತದೆ. ಕಂದು ಬಣ್ಣ, ಚಪ್ಪಟೆ ಮೈ. ಬಲೆ ಗಿಲೆ ಏನೂ ಇಲ್ಲ. ರಾತ್ರಿ ಬಚ್ಚಲಿಗೆ ಹೋಗಿ ಲೈಟ್ ಹಾಕಿದರೆ ಗೋಡೆಯಲ್ಲಿ ಸುಮ್ನೆ ಕೂತಿರುತ್ತದೆ. ಬಾಲ್ದಿ ಸ್ವಲ್ಪ ಸರಿಸಿದರೆ ಸಾಕು, ಎಲ್ಲಿ ಹೋಯಿತು ಅಂತಲೇ ಗೊತ್ತಾಗುವುದಿಲ್ಲ.

ನಿನ್ನೆ ಕಂಡದ್ದು ಮೈಯ ಅಡಿಯಲ್ಲಿ ಒಂದು ಬಿಳಿ ಬಿಲ್ಲೆ ಹಿಡಿದುಕೊಂಡಿತ್ತು. ಕೋಟಿನ ದೊಡ್ಡ ಗುಂಡಿಯ ಹಾಗೆ. ಅದು ಮೊಟ್ಟೆ ಅಂತ ನಮ್ಮವರು ಹೇಳಿದಾಗಿನಿಂದ ನನಗೆ ನಿದ್ದೆ ಇಲ್ಲ.

ಮನೆಯಲ್ಲಿ ಎಂಟು ತಿಂಗಳ ಮಗು ಉಂಟು. ಮೂರು ದಿನದ ಹಿಂದೆ ಬೆಳಿಗ್ಗೆ ಮಗುವಿನ ಕುತ್ತಿಗೆಯಲ್ಲಿ ಉದ್ದಕ್ಕೆ ಒಂದು ಕೆಂಪು ಗೆರೆ ಕಂಡಿತು. ಮರುದಿನ ಅದರ ಮೇಲೆ ಗುಳ್ಳೆ. "ಜೇಡ ಹರಿದದ್ದು" ಅಂತ ಅತ್ತೆ ಹೇಳುತ್ತಾರೆ. ಮೇ ತಿಂಗಳಲ್ಲಿ ಒಂದು ಕಂಪನಿಯವರು 2,800 ರೂಪಾಯಿ ತಗೊಂಡು ಮನೆಯಿಡೀ ಮದ್ದು ಹೊಡೆದು ಹೋಗಿದ್ದರು. ಆರು ತಿಂಗಳು ಒಂದು ಹುಳವೂ ಬರುವುದಿಲ್ಲ ಅಂದಿದ್ದರು. ಮೂರೇ ವಾರ ಅಷ್ಟೆ. ಮತ್ತೊಮ್ಮೆ ಕರೆಸಬೇಕಾ? ಮಗು ಈಗ ಅಂಬೆಗಾಲಿಡುತ್ತದೆ, ಕೈಗೆ ಸಿಕ್ಕಿದ್ದೆಲ್ಲ ಬಾಯಿಗೆ. ಗೊತ್ತಿದ್ದವರು ದಯವಿಟ್ಟು ಹೇಳಿ.

ರಾತ್ರಿಪಾಳಿ · ಜೂನ್ 19, ರಾತ್ರಿ 11.35

ಅಕ್ಕ, ಮೊದಲು ಮಗುವಿನ ವಿಷಯ. ನಾಳೆಯೇ ಡಾಕ್ಟರಿಗೆ ತೋರಿಸಿ. ಇಷ್ಟು ಸಣ್ಣ ಮಗುವಿಗೆ ಮನೆಯಲ್ಲೇ ಏನೂ ಹಚ್ಚಬೇಡಿ. ಅರಸಿನವೂ ಬೇಡ, ಸುಣ್ಣವಂತೂ ಬೇಡವೇ ಬೇಡ.

ನಾನು ಮಂಗಳೂರಿನಲ್ಲಿ ನರ್ಸ್. ಚರ್ಮದ ವಿಭಾಗದಲ್ಲಿ ಕೆಲಸ ಮಾಡಿದ್ದೇನೆ. ಮಳೆಗಾಲ ಬಂತೆಂದರೆ "ಜೇಡ ಹರಿದದ್ದು" ಅಂತ ಹೇಳಿಕೊಂಡು ಜನ ಬರುತ್ತಾರೆ. ಹೆಚ್ಚಿನದು ಜೇಡದ್ದೇ ಅಲ್ಲ. ಒಂದು ಸಣ್ಣ ಹುಳ ಉಂಟು. ನೋಡಲು ಇರುವೆಯ ಹಾಗೆ ಸಪೂರ, ಅಕ್ಕಿ ಕಾಳಿಗಿಂತ ಸ್ವಲ್ಪ ಉದ್ದ. ಮೈ ಒಂದು ಪಟ್ಟಿ ಕೆಂಪು, ಒಂದು ಪಟ್ಟಿ ಕಪ್ಪು. ನಡೆಯುವಾಗ ಬಾಲದ ಕಡೆ ಎತ್ತುತ್ತದೆ. ಹೆಸರು ಪೆಡೆರಸ್. ಅದು ಕಚ್ಚುವುದಿಲ್ಲ, ಚುಚ್ಚುವುದೂ ಇಲ್ಲ. ಆದರೆ ಮೈಮೇಲೆ ಕೂತಾಗ ನಾವು ಕೈಯಿಂದ ಒರೆಸಿ ಜಜ್ಜಿದರೆ ಅದರ ಮೈಯೊಳಗಿನ ರಸ ಚರ್ಮವನ್ನು ಸುಡುತ್ತದೆ. ಆ ಕ್ಷಣಕ್ಕೆ ಏನೂ ಗೊತ್ತಾಗುವುದಿಲ್ಲ. ಒಂದೆರಡು ದಿನದೊಳಗೆ ಕೆಂಪಾಗಿ ಗುಳ್ಳೆ ಏಳುತ್ತದೆ. ಒರೆಸಿದ ದಾರಿಯಲ್ಲೇ ಏಳುವುದರಿಂದ ಗೆರೆಯ ಹಾಗೆ ಕಾಣುತ್ತದೆ. ಯಾರೋ ಹರಿದು ಹೋದ ಹಾಗೆ ಕಾಣುವುದಕ್ಕೆ ಕಾರಣ ಅದೇ. ಮೊಣಕೈ ಮಡಚುವ ಕಡೆ ಆದರೆ ಎರಡೂ ಬದಿಗೆ ಒಂದೇ ನಮೂನೆಯ ಗುರುತು ಬೀಳುತ್ತದೆ.

ನಿಮ್ಮ ಮಗುವಿಗೆ ಆದದ್ದು ಅದೇ ಅಂತ ನಾನು ಫೋನಿನಲ್ಲಿ ನೋಡಿ ಹೇಳುವ ಹಾಗಿಲ್ಲ, ಡಾಕ್ಟರು ನೋಡಬೇಕು. ಆದರೆ ನೀವು ಹೇಳಿದ ಗೆರೆ, ಮರುದಿನದ ಗುಳ್ಳೆ, ಮಳೆಗಾಲ, ಇಷ್ಟೂ ಅದಕ್ಕೆ ಹೊಂದುತ್ತದೆ. ಒಂದು ಕೇಳುತ್ತೇನೆ. ಮಗು ಮಲಗುವ ಕೋಣೆಯಲ್ಲಿ ರಾತ್ರಿಯಿಡೀ ಲೈಟ್ ಇರುತ್ತದಾ? ಕಿಟಕಿಗೆ ಜಾಲರಿ ಉಂಟಾ?

ಹಂಚಿನಮಾಡು · ಜೂನ್ 20, ಬೆಳಿಗ್ಗೆ 6.15

ತಂಗೀ, ಗಾಬರಿ ಬೇಡ. ನಾನು ಮೂಡುಬೆಳ್ಳೆ ಕಡೆಯವ, ಹುಟ್ಟಿದ್ದು ಬೆಳೆದದ್ದು ಎಲ್ಲ ಹಂಚಿನ ಮನೆಯಲ್ಲಿ. ನೀವು ಹೇಳಿದ ದೊಡ್ಡ ಜೇಡ ನಮ್ಮ ಬಚ್ಚಲಲ್ಲಿ ನನಗೆ ಬುದ್ಧಿ ಬಂದಾಗಿನಿಂದ ಉಂಟು. ಒಬ್ಬರಿಗೂ ಏನೂ ಆದದ್ದಿಲ್ಲ. ಅದು ಜಿರಲೆ ಹಿಡಿಯುವುದನ್ನು ಒಮ್ಮೆ ನೋಡಬೇಕು. ಬೆಕ್ಕು ಇಲಿಗೆ ಕಾಯುವುದಕ್ಕಿಂತ ಹೆಚ್ಚು ತಾಳ್ಮೆ ಅದಕ್ಕೆ.

ಒಂದು ಪ್ರಶ್ನೆ. ಬಚ್ಚಲಿನ ಗೋಡೆಯ ಹೊರಗೆ ಎಂತ ಇಟ್ಟಿದ್ದೀರಿ?

ಕೇಳಲು ಕಾರಣ ಉಂಟು. ಮೇ ತಿಂಗಳಲ್ಲಿ ನಾವೆಲ್ಲ ಮಳೆಗಾಲಕ್ಕೆ ತಯಾರಿ ಮಾಡುತ್ತೇವೆ, ಅಲ್ವಾ? ಕಟ್ಟಿಗೆ, ತೆಂಗಿನ ಸಿಪ್ಪೆ, ಮಡಲು, ಎಲ್ಲವನ್ನೂ ತಂದು ಬಚ್ಚಲಿಗೆ ತಾಗಿಸಿ ಅಟ್ಟಿ ಇಡುತ್ತೇವೆ. ಅದರ ಮೇಲೆ ಟಾರ್ಪಾಲು. ತೋಟದಲ್ಲಿ, ಬೇಲಿಯ ಬುಡದಲ್ಲಿ ಇದ್ದ ಜೇಡ, ಜಿರಲೆ, ಚೇಳು ಎಲ್ಲ ಆ ರಾಶಿಯ ಜೊತೆಗೇ ಬರುತ್ತವೆ. ನಾವೇ ಹೊತ್ತು ತಂದು ಮನೆಯ ಗೋಡೆಗೆ ಕೂರಿಸಿದ ಹಾಗೆ ಆಯಿತು. ಜೂನ್‌ನಲ್ಲಿ ಮಳೆ ಬಿದ್ದು ರಾಶಿಯ ಅಡಿ ಒದ್ದೆಯಾದ ಕೂಡಲೇ ಅವು ಮೇಲೆ ಹತ್ತುತ್ತವೆ. ಮೇಲೆ ಇರುವುದು ಎಂತ? ಬಚ್ಚಲಿನ ವೆಂಟಿಲೇಟರ್.

ಪರ್ಕಳದಮನೆ · ಜೂನ್ 20, ಮಧ್ಯಾಹ್ನ 2.10

ಡಾಕ್ಟರ ಹತ್ತಿರ ಹೋಗಿ ಬಂದೆವು. ರಾತ್ರಿಪಾಳಿಯವರೇ, ನೀವು ಹೇಳಿದ್ದನ್ನೇ ಅವರೂ ಹೇಳಿದರು. ಹುಳದ ರಸ ತಾಗಿ ಆದದ್ದು, ಜೇಡ ಅಲ್ಲ ಅಂತ. ಹಚ್ಚಲು ಮುಲಾಮು ಕೊಟ್ಟಿದ್ದಾರೆ. ಕಣ್ಣಿಗೆ ತಾಗದ ಹಾಗೆ ನೋಡಿಕೊಳ್ಳಲು ಹೇಳಿದರು. ನಿಮಗೆ ಎಷ್ಟು ಉಪಕಾರ ಹೇಳಿದರೂ ಸಾಲದು.

ಹೌದು, ಲೈಟ್ ಇರುತ್ತದೆ. ರಾತ್ರಿ ಹಾಲು ಕುಡಿಸಲು ಏಳಬೇಕಲ್ವಾ, ಹಾಗಾಗಿ ಬಿಳಿ ಬಲ್ಬ್ ಆರಿಸುವುದೇ ಇಲ್ಲ. ಸೆಕೆಗೆ ಕಿಟಕಿಯ ಒಂದು ಬಾಗಿಲು ತೆರೆದೇ ಇರುತ್ತದೆ. ಜಾಲರಿ ಹಾಕಿಸಿಲ್ಲ. ಹಿಂದಿನ ಜಗಲಿಯಲ್ಲೂ ಟ್ಯೂಬ್‌ಲೈಟ್ ಬೆಳಗಿನವರೆಗೆ ಉರಿಯುತ್ತದೆ. ಸುತ್ತ ಮನೆ ಇಲ್ಲ, ಕತ್ತಲೆಗೆ ನನಗೆ ಹೆದರಿಕೆ.

ಹಂಚಿನಮಾಡು ಅಣ್ಣ, ನೀವು ಕೇಳಿದ ಮೇಲೆ ಹಿಂದೆ ಹೋಗಿ ನೋಡಿದೆ. ಸಿಪ್ಪೆಯ ರಾಶಿ ಸರಿಯಾಗಿ ವೆಂಟಿಲೇಟರ್‌ನ ತನಕ ಉಂಟು. ಅದರ ಮೇಲೆ ನೀಲಿ ಟಾರ್ಪಾಲು. ಮಾವ ಊರಿನಿಂದ ಪ್ರೀತಿಯಿಂದ ಕಳಿಸಿದ್ದು.

ಹುಳಮಾಸ್ಟ್ರು · ಜೂನ್ 20, ಸಂಜೆ 7.40

ಮೇಡಂ, ಮಗು ಹುಷಾರಾಗಿದೆ ಎಂದು ಕೇಳಿ ಸಮಾಧಾನವಾಯಿತು. ನಾನು ಮಂಗಳೂರಿನಲ್ಲಿ ಪಿಯುಸಿ ಮಕ್ಕಳಿಗೆ ಜೀವಶಾಸ್ತ್ರ ಹೇಳಿಕೊಡುವವ. ಮಳೆಗಾಲದ ರಾತ್ರಿ ಟಾರ್ಚ್ ಹಿಡಿದು ಜೇಡ ನೋಡುವುದು ಇಪ್ಪತ್ತು ವರ್ಷದ ಅಭ್ಯಾಸ. ಸ್ವಲ್ಪ ಉದ್ದ ಬರೆಯುತ್ತೇನೆ, ಓದಿ.

ನಿಮ್ಮ ಬಚ್ಚಲಿನದು ಹೆಟೆರೊಪೋಡಾ ವೆನಟೋರಿಯಾ. ಇದು ವೈಜ್ಞಾನಿಕ ಹೆಸರು, ಜೀವಿಗಳಿಗೆ ಹೆಸರಿಡುವ ಪದ್ಧತಿ ತಂದ ಲಿನ್ನೇಯಸ್ 1767ರಲ್ಲೇ ಇಟ್ಟದ್ದು. ವೆನಟೋರಿಯಾ ಅಂದರೆ ಬೇಟೆಯಾಡುವುದು ಎಂದರ್ಥ. ಬಾಳೆಗೊನೆಯ ಜೊತೆ, ಸರಕಿನ ಜೊತೆ ಹಡಗು ಹತ್ತಿ ಬಿಸಿಲ ದೇಶಗಳಲ್ಲೆಲ್ಲ ಇದು ಹರಡಿದೆ. ಬಲೆ ಕಟ್ಟಿ ಕಾಯುವ ಜಾತಿ ಅಲ್ಲ, ಓಡಿ ಹಿಡಿಯುವ ಜಾತಿ. ಮೈ ಚಪ್ಪಟೆ ಇರುವುದರಿಂದ ಬಾಗಿಲ ಸಂದಿಯಲ್ಲೂ ನುಸುಳುತ್ತದೆ. ಬಿಳಿ ಬಿಲ್ಲೆ ಮೊಟ್ಟೆಯ ಚೀಲವೇ. ತಾಯಿ ಅದನ್ನು ಎಲ್ಲೂ ಇಡದೆ ಮೈಯಡಿಯಲ್ಲೇ ಹೊತ್ತು ತಿರುಗುತ್ತದೆ. ನೂರಾರು ಮರಿ ಹೊರಬರುತ್ತವೆ, ನಿಜ. ಆದರೆ ಅವು ಮನೆಯಲ್ಲಿ ಠಿಕಾಣಿ ಹೂಡುವುದಿಲ್ಲ. ಚದುರಿ ಹೋಗುತ್ತವೆ, ಒಂದನ್ನೊಂದು ತಿನ್ನುತ್ತವೆ, ಹಲ್ಲಿ ತಿನ್ನುತ್ತದೆ. ಬದುಕುವುದು ಬೆರಳೆಣಿಕೆಯಷ್ಟು.

ಕಚ್ಚುತ್ತದಾ ಎಂದರೆ, ಕೈಯಲ್ಲಿ ಹಿಡಿದು ಒತ್ತಿದರೆ ಕಚ್ಚುತ್ತದೆ. ನೋವು, ಸ್ವಲ್ಪ ಊತ ಬರಬಹುದು. ಜೀವಕ್ಕೆ ಅಪಾಯ ಇಲ್ಲ. ತಾನಾಗಿ ಬಂದು ಕಚ್ಚುವ ಸ್ವಭಾವ ಅದಕ್ಕಿಲ್ಲ. ಹಾಗಂತ ಮಗು ಆಡುವ ಕೋಣೆಯಲ್ಲಿ ಇರಲಿ ಅಂತ ನಾನು ಹೇಳುವುದಿಲ್ಲ.

ಈಗ ಮುಖ್ಯ ವಿಷಯ. ಜೇಡ ಮನೆಗೆ ಯಾಕೆ ಬರುತ್ತದೆ? ನಮ್ಮ ಅನ್ನ, ಬೆಲ್ಲ, ಒಣಮೀನು ಯಾವುದೂ ಅದಕ್ಕೆ ಬೇಡ. ಜೀವಂತ ಹುಳವನ್ನು ಹಿಡಿದು, ಅದರ ಮೈಯನ್ನು ನೀರಾಗಿಸಿ ಹೀರುವುದಷ್ಟೇ ಅದಕ್ಕೆ ಗೊತ್ತು. ಹುಳ ಇರುವ ಕಡೆ ಜೇಡ. ಹುಳ ಬರುವುದು ಬೆಳಕಿಗೆ. ನಿಮ್ಮ ಜಗಲಿಯ ಬಿಳಿ ಟ್ಯೂಬ್‌ಲೈಟ್ ಬೈಲಿನ ಹುಳವನ್ನೆಲ್ಲ ರಾತ್ರಿಯಿಡೀ ಕರೆಯುತ್ತಿದೆ. ಮೊದಲ ಮಳೆಗೆ ರೆಕ್ಕೆ ಗೆದ್ದಲು ಬಲ್ಬಿನ ಸುತ್ತ ಹೇಗೆ ಮುಗಿಬೀಳುತ್ತದೆ, ನೋಡಿದ್ದೀರಲ್ಲ. ಗದ್ದೆಯ ಒದ್ದೆಯಲ್ಲಿ ಬದುಕುವ ಪೆಡೆರಸ್ ಕೂಡ ಅದೇ ಬೆಳಕಿಗೆ ಬಂದದ್ದು. ಮಗುವಿನ ಕುತ್ತಿಗೆಯ ಗುಳ್ಳೆ, ಬಚ್ಚಲಿನ ಜೇಡ, ಎರಡಕ್ಕೂ ಮೂಲ ಒಂದೇ ಸ್ವಿಚ್.

ಹಾಗಾಗಿ ಮೊದಲು ಲೈಟ್. ಕತ್ತಲೆಗೆ ಹೆದರಿಕೆ ಇದ್ದರೆ ಪೂರ್ತಿ ಆರಿಸಬೇಡಿ. ಬಿಳಿಯ ಬದಲು ಹಳದಿ ಎಲ್‌ಇಡಿ ಹಾಕಿ. ನೀಲಿ ಅಂಶ ಜಾಸ್ತಿ ಇರುವ ಬೆಳಕಿಗೆ ಹುಳ ಜಾಸ್ತಿ, ಹಳದಿಗೆ ಕಡಿಮೆ. ಬಲ್ಬನ್ನು ಬಾಗಿಲಿನ ನೆತ್ತಿಯ ಮೇಲೆ ಇಡದೆ ಸ್ವಲ್ಪ ದೂರದ ಕಂಬದಲ್ಲಿ ಇಟ್ಟು ಮನೆಯ ಕಡೆಗೆ ತಿರುಗಿಸಿದರೆ ಹುಳ ಅಲ್ಲಿಯೇ ಉಳಿಯುತ್ತದೆ.

ಆಮೇಲೆ ಮದ್ದು ಯಾಕೆ ಕೆಲಸ ಮಾಡಲಿಲ್ಲ ಅಂತ ಕೇಳಿದ್ದಿರಿ. ಜಿರಲೆ ಹೊಟ್ಟೆ ಎಳೆದುಕೊಂಡು ನಡೆಯುತ್ತದೆ. ಕಾಲು, ಮೀಸೆ ಬಾಯಲ್ಲಿ ಹಾಕಿ ಒರೆಸಿಕೊಳ್ಳುತ್ತದೆ. ಗೋಡೆಗೆ ಹೊಡೆದ ಮದ್ದು ಅದಕ್ಕೆ ತಾಗುತ್ತದೆ. ಜೇಡ ಎಂಟು ಕಾಲಿನ ತುದಿಯಲ್ಲಿ ಮೈ ಎತ್ತಿಕೊಂಡು ನಡೆಯುತ್ತದೆ. ನೇರವಾಗಿ ಮೈಮೇಲೆ ಬಿದ್ದರೆ ಸಾಯುತ್ತದೆ, ಒಣಗಿದ ಗೋಡೆಯಿಂದ ಅಷ್ಟಾಗಿ ತಾಗುವುದಿಲ್ಲ. ಹೊರಗಿನ ರಾಶಿ ಮತ್ತು ಲೈಟ್ ಹಾಗೇ ಇರುವಾಗ ಸತ್ತದ್ದರ ಜಾಗಕ್ಕೆ ಇನ್ನೊಂದು ಬರುತ್ತದೆ. ಮಗು ನೆಲದಲ್ಲಿ ಆಡುವ ಮನೆಗೆ ಎರಡನೇ ಸಲ ಮದ್ದು ಹೊಡೆಸುವುದು ನನಗೆ ಸರಿ ಕಾಣುವುದಿಲ್ಲ.

ಕದ್ರಿ7ನೇಮಹಡಿ · ಜೂನ್ 20, ರಾತ್ರಿ 9.05

ಮಾಸ್ಟ್ರೇ, ನನ್ನದು ಮಂಗಳೂರಿನ ಕದ್ರಿಯಲ್ಲಿ ಫ್ಲಾಟ್. ಏಳನೇ ಮಹಡಿ. ಸಿಪ್ಪೆ ಇಲ್ಲ, ಕಟ್ಟಿಗೆ ಇಲ್ಲ, ತೋಟ ಇಲ್ಲ. ಆದರೂ ವಾರಕ್ಕೊಮ್ಮೆ ಬಲೆ ತೆಗೆಯಬೇಕು. ಇಷ್ಟು ಮೇಲಕ್ಕೆ ಹೇಗೆ ಬರುತ್ತವೆ? ನಿಂಬೆ ಸಿಪ್ಪೆ ಉಜ್ಜಿದೆ, ಪೆಪ್ಪರ್‌ಮಿಂಟ್ ಎಣ್ಣೆ ಸ್ಪ್ರೇ ಮಾಡಿದೆ, ಕರ್ಪೂರ ಇಟ್ಟೆ. ದುಡ್ಡು ಹೋದದ್ದೇ ಬಂತು.

ಇನ್ನೊಂದು. ಜೇಡ ಇದ್ದರೆ ಸೊಳ್ಳೆ ಕಡಿಮೆ ಅಂತ ಎಲ್ಲರೂ ಹೇಳುತ್ತಾರೆ. ದಯವಿಟ್ಟು ಹಾಗೆ ಹೇಳಬೇಡಿ. ನನಗೆ ಇದೇ ಊರಲ್ಲಿ ಮಲೇರಿಯಾ ಬಂದು ಹದಿನೈದು ದಿನ ಮಲಗಿದ್ದೆ. ಆಗಲೂ ಮನೆಯಲ್ಲಿ ಜೇಡ ಇತ್ತು.

ಹುಳಮಾಸ್ಟ್ರು · ಜೂನ್ 20, ರಾತ್ರಿ 10.20

ನೀವು ಹೇಳಿದ್ದು ಸರಿ. ಮಂಗಳೂರಿಗೂ ಮಲೇರಿಯಾಕ್ಕೂ ಹಳೆಯ ನಂಟು. ಇಲ್ಲಿ ಅದನ್ನು ಹರಡುವುದು ಮುಖ್ಯವಾಗಿ ಅನಾಫಿಲಿಸ್ ಸ್ಟೀಫೆನ್ಸಿ. ತಾರಸಿಯ ಟ್ಯಾಂಕಿಯಲ್ಲಿ, ಕಟ್ಟಡ ಕೆಲಸದ ನಿಂತ ನೀರಿನಲ್ಲಿ ಮೊಟ್ಟೆ ಇಡುವ ಸೊಳ್ಳೆ. ಜೇಡ ಸೊಳ್ಳೆ ತಿನ್ನುವುದು ನಿಜ. ಆದರೆ ಅದನ್ನು ನಂಬಿ ಟ್ಯಾಂಕಿಯ ಮುಚ್ಚಳ ತೆರೆದಿಡುವ ಹಾಗಿಲ್ಲ, ಸೊಳ್ಳೆ ಪರದೆ ಕಟ್ಟದೆ ಮಲಗುವ ಹಾಗಿಲ್ಲ.

ಏಳನೇ ಮಹಡಿಗೆ ಗಾಳಿಯಲ್ಲಿ ಬರುತ್ತವೆ! ನಿಜವಾಗಿ ಹೇಳುತ್ತಿದ್ದೇನೆ. ಸಣ್ಣ ಮರಿ ಹುಲ್ಲಿನ ತುದಿಗೋ ಬೇಲಿಯ ತುದಿಗೋ ಹತ್ತಿ, ಹಿಂಭಾಗ ಎತ್ತಿ ಒಂದು ಎಳೆ ಬಿಡುತ್ತದೆ. ಎಳೆಯನ್ನು ಗಾಳಿ ಎತ್ತುತ್ತದೆ, ಎಳೆಯ ಜೊತೆ ಮರಿಯೂ ಹಾರುತ್ತದೆ. 1832ರಲ್ಲಿ ಡಾರ್ವಿನ್ ಇದ್ದ ಹಡಗು ದಕ್ಷಿಣ ಅಮೆರಿಕದ ದಡದಿಂದ ಸುಮಾರು 60 ಮೈಲಿ ದೂರ ಇದ್ದಾಗ ಹಗ್ಗಗಳ ಮೇಲೆಲ್ಲ ಪುಟ್ಟ ಜೇಡಗಳು ಬಂದಿಳಿದಿದ್ದವು. ಅದನ್ನು ಅವರು ಬರೆದಿಟ್ಟಿದ್ದಾರೆ. ಕದ್ರಿಯ ಏಳನೇ ಮಹಡಿ ಅದರ ಮುಂದೆ ಎಷ್ಟರದ್ದು? ಉಳಿದವು ಪೈಪ್ ಹೋಗುವ ಡಕ್ಟ್‌ನಿಂದ, ರಟ್ಟಿನ ಪೆಟ್ಟಿಗೆಯಿಂದ, ಹೂಕುಂಡದಿಂದ ಬರುತ್ತವೆ.

ಎಣ್ಣೆಗಳ ಬಗ್ಗೆ 2018ರಲ್ಲಿ ಪ್ರಕಟವಾದ ಒಂದು ಅಧ್ಯಯನ ಉಂಟು. ನಿಂಬೆ ಎಣ್ಣೆಯಿಂದ ಏನೂ ಆಗಲಿಲ್ಲ. ಪೆಪ್ಪರ್‌ಮಿಂಟ್‌ಗೆ ಕೆಲವು ಜಾತಿಯ ಜೇಡ ದೂರ ಸರಿದವು. ಅವು ನಮ್ಮ ಮನೆಗಳಲ್ಲಿ ಸಾಮಾನ್ಯವಾಗಿ ಕಾಣುವ ಜಾತಿಗಳಲ್ಲ. ವಾಸನೆ ಹಾರಿ ಹೋಗುವ ಎಣ್ಣೆಯನ್ನು ನಮ್ಮ ಮಳೆಗಾಲದ ಗಾಳಿಯಲ್ಲಿ ನೆಚ್ಚಿಕೊಳ್ಳುವುದು ಕಷ್ಟ.

ಹಂಚಿನಮಾಡು · ಜೂನ್ 21, ಬೆಳಿಗ್ಗೆ 6.30

ಇಲ್ಲಣದ, ಅಂದರೆ ಮಾಡಿನಲ್ಲಿ ಕಟ್ಟುವ ಬಲೆ, ಮಸಿಯ ವಿಷಯ ಯಾರೂ ಹೇಳಲಿಲ್ಲವಲ್ಲ. ನಮ್ಮ ಅಮ್ಮ ಚೌತಿಯ ಮೊದಲು ಒಮ್ಮೆ, ದೀಪಾವಳಿಯ ಮೊದಲು ಒಮ್ಮೆ ಮಾಡಿನ ಇಲ್ಲಣ ತೆಗೆಸುತ್ತಿದ್ದರು. ಉದ್ದ ಬಿದಿರಿಗೆ ಹಿಡಿಸೂಡಿ ಕಟ್ಟಿ, ತಲೆಗೆ ಬೈರಾಸು (ಟವೆಲು) ಸುತ್ತಿಕೊಂಡು, ಹಂಚಿನಡಿಯ ಮರದ ಪಕ್ಕಾಸಿನ ಒಂದೊಂದೇ ಸಂದಿ ಹೊಡೆಯುವುದು. ನಾನೀಗ ತಿಂಗಳಿಗೊಮ್ಮೆ ಹೊಡೆಯುತ್ತೇನೆ. ಜೇಡ ಎಲ್ಲಿ ಬಲೆ ಕಟ್ಟುತ್ತದೋ ಅಲ್ಲಿ ಅದಕ್ಕೆ ಊಟ ಸಿಕ್ಕಿದೆ ಅಂತ ಲೆಕ್ಕ. ಎರಡು ಮೂರು ಸಲ ಬಲೆ ತೆಗೆದರೆ ಜಾಗ ಬದಲಾಯಿಸುತ್ತದೆ.

ಮಂಗಳೂರು ಹಂಚು ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಷನ್‌ನವರು 1860ರ ದಶಕದಲ್ಲಿ ಇಲ್ಲಿ ಮಾಡಲು ಸುರುಮಾಡಿದ್ದು. ಗಾಳಿ ಆಡಲೆಂದೇ ಹಂಚಿನ ನಡುವೆ ಸಂದಿ ಇರುತ್ತದೆ. ಆ ಸಂದಿ ಮುಚ್ಚಿದರೆ ಮನೆ ಬೇಯುತ್ತದೆ. ಹಾಗಾಗಿ ನಮ್ಮಂಥ ಮನೆಗೆ ಜೇಡ ಬಾರದ ಹಾಗೆ ಮಾಡುವ ಉಪಾಯ ಇಲ್ಲ, ಗುಡಿಸುವುದೊಂದೇ. ತಂಗಿಯ ಮನೆ ತಾರಸಿಯದ್ದು, ಅವರಿಗೆ ಸುಲಭ ಉಂಟು. ಆದರೆ ಕಂಪೌಂಡು ಮುರಕಲ್ಲಿನದ್ದಾದರೆ, ಗಿಲಾವು ಮಾಡದ ಕಲ್ಲಿನ ಒಂದೊಂದು ತೂತಿನಲ್ಲೂ ಒಂದೊಂದು ಜೇಡ ಇರುತ್ತದೆ. ಅದು ಅಲ್ಲೇ ಇರಲಿ ಬಿಡಿ. ಮನೆಯ ಗೋಡೆಗೆ ತಾಗಿದ ಗಿಡ, ಬಳ್ಳಿ ಮಾತ್ರ ಸವರಿ.

ಬಲೆಮೂಲೆ · ಜೂನ್ 21, ಬೆಳಿಗ್ಗೆ 9.50

ನಾನು ಮಲ್ಪೆಯವಳು. ಮಗನಿಗೆ ಅಲರ್ಜಿ, ಧೂಳು ಆಗುವುದಿಲ್ಲ. ಹಾಗಾಗಿ ನನಗೆ ಸಣ್ಣ ಜೇಡವೂ ಬೇಡ. ಉದ್ದ ಕಾಲಿನದ್ದು ಒಂದು ಉಂಟಲ್ಲ, ತಲೆಕೆಳಗಾಗಿ ನೇತಾಡುತ್ತದೆ, ಮುಟ್ಟಿದರೆ ಇಡೀ ಬಲೆ ಅಲ್ಲಾಡಿಸಿ ಕಣ್ಣಿಗೇ ಕಾಣದಷ್ಟು ನಡುಗುತ್ತದೆ. ಅದು ಬಿಟ್ಟ ಹಳೆಯ ಬಲೆಯಲ್ಲೇ ಮನೆಯ ಧೂಳೆಲ್ಲ. ಅದನ್ನೂ ಇಟ್ಟುಕೊಳ್ಳಬೇಕಾ ಮಾಸ್ಟ್ರೇ?

ಹುಳಮಾಸ್ಟ್ರು · ಜೂನ್ 21, ಸಂಜೆ 6.15

ಇಲ್ಲ ಅಕ್ಕ, ಧೂಳಿಗೆ ಅಲರ್ಜಿ ಇರುವ ಮಗು ಇದ್ದರೆ ತೆಗೆಯಲೇಬೇಕು. ಒಣ ಹಿಡಿಸೂಡಿಯಲ್ಲಿ ಹೊಡೆದರೆ ಧೂಳು ಕೋಣೆಯಿಡೀ ಹಾರುತ್ತದೆ. ಕೋಲಿಗೆ ಒದ್ದೆ ಬಟ್ಟೆ ಸುತ್ತಿ ತಿರುಗಿಸುತ್ತಾ ತೆಗೆಯಿರಿ, ಬಲೆ ಬಟ್ಟೆಗೆ ಸುತ್ತಿಕೊಂಡು ಬರುತ್ತದೆ. ಆಗ ಮಗನನ್ನು ಬೇರೆ ಕೋಣೆಯಲ್ಲಿ ಕೂರಿಸಿ. ತೆಗೆಯುವ ಮೊದಲು ಒಮ್ಮೆ ಮಾತ್ರ ಹತ್ತಿರದಿಂದ ನೋಡಿ. ತಾಯಿ ಜೇಡ ಬಾಯಿಯಲ್ಲಿ ಸಾಬಕ್ಕಿಯ ಕಾಳುಗಳನ್ನು ಅಂಟಿಸಿದಂಥ ಒಂದು ಉಂಡೆ ಕಚ್ಚಿಕೊಂಡಿರುತ್ತದೆ. ಅವೆಲ್ಲ ಮೊಟ್ಟೆ. ನಾನು ಮೊದಲ ಸಲ ನೋಡಿದಾಗ ಪೊರಕೆ ಕೆಳಗಿಟ್ಟು ಬಹಳ ಹೊತ್ತು ನಿಂತುಬಿಟ್ಟಿದ್ದೆ.

ಜೇಡ ಎಂಬ ಮಾತಿಗೇ ನಮ್ಮ ಭಾಷೆಯಲ್ಲಿ ನೇಕಾರ ಎಂದೂ ಅರ್ಥ ಉಂಟು. ಜೇಡರ ದಾಸಿಮಯ್ಯ ಮಗ್ಗದ ಮುಂದೆ ಕೂತು ಬದುಕಿದವರು. ಹಳಬರು ಈ ಹುಳವನ್ನು ನೋಡಿದ್ದು ಆ ಕಣ್ಣಿನಿಂದ.

ರಾತ್ರಿಪಾಳಿ · ಜೂನ್ 22, ಬೆಳಿಗ್ಗೆ 8.20

ಪೆಡೆರಸ್ ಬಗ್ಗೆ ಇನ್ನೊಂದು ಮಾತು. ಮೈಮೇಲೆ ಕಂಡರೆ ಹೊಡೆಯಬೇಡಿ. ಊದಿ ಹಾರಿಸಿ, ಇಲ್ಲ ಒಂದು ಕಾಗದ ಹಿಡಿದು ಅದರ ಮೇಲೆ ಹತ್ತಿಸಿ. ಅಕಸ್ಮಾತ್ ಜಜ್ಜಿದರೆ ಕೂಡಲೇ ಸಾಬೂನು ನೀರಿನಲ್ಲಿ ತೊಳೆಯಿರಿ. ಆ ಕೈ ಕಣ್ಣಿಗೆ ಹೋಗಬಾರದು. ಮಲಗುವ ಮೊದಲು ಹಾಸಿಗೆ, ತಲೆದಿಂಬು ಒಮ್ಮೆ ಕೊಡವಿ.

ಪರ್ಕಳದಮನೆ · ಜುಲೈ 16, ಸಂಜೆ 5.30

ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ. ಮಗುವಿನ ಕುತ್ತಿಗೆ ಪೂರ್ತಿ ವಾಸಿಯಾಗಿದೆ. ಸ್ವಲ್ಪ ಕಪ್ಪು ಕಲೆ ಉಂಟು, ಅದೂ ಹೋಗುತ್ತದೆ ಅಂತ ಡಾಕ್ಟರು ಹೇಳಿದ್ದಾರೆ.

ಮಾಡಿದ್ದನ್ನು ಹೇಳುತ್ತೇನೆ. ಒಂದು ಆದಿತ್ಯವಾರ ಮಳೆ ಬಿಟ್ಟಾಗ ನಾವಿಬ್ಬರೂ ಸೇರಿ ಸಿಪ್ಪೆಯ ರಾಶಿಯನ್ನು ಗೋಡೆಯಿಂದ ಹತ್ತು ಹೆಜ್ಜೆ ದೂರಕ್ಕೆ ಸಾಗಿಸಿದೆವು. ಅಡಿಗೆ ಇಟ್ಟಿಗೆ ಇಟ್ಟು ನೆಲದಿಂದ ಎತ್ತರಿಸಿದ್ದೇವೆ. ಸರಿಸುವಾಗ ಕೈಗೆ ದಪ್ಪ ಗ್ಲೌಸ್ ಹಾಕಿಕೊಂಡಿದ್ದೆವು, ಒಳ್ಳೆಯದೇ ಆಯಿತು. ಎರಡು ಚೇಳು ಸಿಕ್ಕಿದವು. ದೊಡ್ಡ ಜೇಡ ಎಷ್ಟಿದ್ದವು ಅಂತ ಲೆಕ್ಕ ಇಡಲಿಲ್ಲ. ಜಿರಲೆ ಅಂತೂ ರಾಶಿ ರಾಶಿ. ಈ ಜೇಡಗಳು ಅಲ್ಲಿ ಯಾಕೆ ಇದ್ದವು ಅಂತ ಆಗ ಕಣ್ಣಾರೆ ಗೊತ್ತಾಯಿತು.

ವೆಂಟಿಲೇಟರ್‌ಗೂ ಮಲಗುವ ಕೋಣೆಯ ಕಿಟಕಿಗೂ ಜಾಲರಿ ಬಡಿಸಿದೆವು. ಬಚ್ಚಲಿನ ಬಾಗಿಲಿನ ಅಡಿಗೆ ರಬ್ಬರ್ ಪಟ್ಟಿ. ಪೈಪ್ ಗೋಡೆ ದಾಟುವ ಕಡೆ ಹೆಬ್ಬೆರಳು ಹೋಗುವಷ್ಟು ತೂತು ಇತ್ತು, ಮನೆ ಕಟ್ಟಿದವರು ಹಾಗೇ ಬಿಟ್ಟಿದ್ದರು. ವೈಟ್ ಸಿಮೆಂಟ್ ತುಂಬಿದೆವು. ಜಗಲಿಗೆ ಹಳದಿ ಬಲ್ಬ್, ಒಳಗೆ ಮಗುವಿಗೆ ಹಾಲು ಕುಡಿಸುವಾಗ ಮಾತ್ರ ಸಣ್ಣ ದೀಪ. ಕತ್ತಲೆ ಈಗ ರೂಢಿಯಾಗಿದೆ. ಮೊದಲು ಬೆಳಿಗ್ಗೆ ಜಗಲಿ ಗುಡಿಸಿದರೆ ಮೊರದ ತುಂಬ ಸತ್ತ ಹುಳ ಸಿಗುತ್ತಿತ್ತು. ಈಗ ಒಂದು ಹಿಡಿಯೂ ಇಲ್ಲ.

ಮದ್ದಿನ ಕಂಪನಿಯವರು ಎರಡನೇ ಸಲಕ್ಕೆ ಫೋನ್ ಮಾಡಿದ್ದರು. ಬೇಡ ಅಂದೆ.

ಜೇಡ ಪೂರ್ತಿ ನಿಂತಿಲ್ಲ. ನಾಲ್ಕು ವಾರದಲ್ಲಿ ಎರಡು ಸಲ ಬಂದಿದೆ. ಮೊದಲನೆಯದ್ದನ್ನು ನಮ್ಮವರು ಹೊರಗೆ ಬಿಟ್ಟರು. ಎರಡನೆಯದು ಬಂದದ್ದು ಮೊನ್ನೆ ರಾತ್ರಿ, ಅವರು ಊರಲ್ಲಿ ಇರಲಿಲ್ಲ. ಅಗಲ ಬಾಯಿಯ ಪ್ಲಾಸ್ಟಿಕ್ ಡಬ್ಬ ತಗೊಂಡು ನಾನೇ ನಿಧಾನಕ್ಕೆ ಅದರ ಮೇಲೆ ಕವುಚಿದೆ. ಗೋಡೆಗೂ ಡಬ್ಬಕ್ಕೂ ನಡುವೆ ಹಳೆಯ ಕ್ಯಾಲೆಂಡರಿನ ರಟ್ಟು ತೂರಿಸಿದೆ. ಕೈ ನಡುಗುತ್ತಿತ್ತು. ಡಬ್ಬದ ಒಳಗಿನಿಂದ ಅದರ ಮುಖ ಕಂಡಿತು. ಎರಡು ಸಾಲು ಕಣ್ಣು, ಅದರ ಕೆಳಗೆ ಮೀಸೆಯಂಥ ಒಂದು ಬಿಳಿ ಪಟ್ಟಿ. ಅಂಗಳದಾಚೆ ಹಲಸಿನ ಮರದವರೆಗೆ ಹೋಗಿ ಕಾಂಡಕ್ಕೆ ಡಬ್ಬದ ಬಾಯಿ ತಾಗಿಸಿದೆ. ಒಂದು ಗಳಿಗೆ ಹಾಗೇ ಕೂತಿತು, ಆಮೇಲೆ ತೊಗಟೆಯ ಸಂದಿಗೆ ಸರಿದು ಹೋಯಿತು.

ಜೋರು ಮಳೆ ಸುರಿಯುತ್ತಿತ್ತು. ಅಷ್ಟೂ ಹೊತ್ತು ನನ್ನ ಪಕ್ಕದಲ್ಲಿ ಕೊಡೆ ಹಿಡಿದು ನಿಂತಿದ್ದವರು ಅತ್ತೆ.